‘ನೂರಾರು ಚಿತ್ರಗಳು’ ಅಂತೀರಲ್ಲ, ಪಟ್ಟಿ ಎಲ್ಲಿ ಸ್ವಾಮಿ?

ಈಗಷ್ಟೇ ಇನ್ನೊಂದು ‘ಮರೆಯಲಾಗದ ಪೋಷಕ ನಟರು’ ವಿಡಿಯೊ ನೋಡಿ ಮುಗಿಸಿದೆ. ಈ ಸಲ ಲೋಕನಾಥ್ ಅವರ ಸರದಿ. ‘ನೂರಾರು ಚಿತ್ರಗಳಲ್ಲಿ ಅಭಿನಯಿಸಿದ ಮೇರು ಕಲಾವಿದ’ ಅಂತ ಗದ್ಗದ ದನಿ, ಹಿಂದೆ ಕೊಳಲು, ಆಮೇಲೆ ‘ಭೂತಯ್ಯನ ಮಗ ಅಯ್ಯು’ ಸಿನಿಮಾದಲ್ಲಿ ಅವರು ಉಪ್ಪಿನಕಾಯಿ ತಿನ್ನುವ ದೃಶ್ಯ. ಮತ್ತೆ ಕೊಳಲು. ಮತ್ತೆ ಅದೇ ಉಪ್ಪಿನಕಾಯಿ, ಸ್ಲೋ ಮೋಷನ್‌ನಲ್ಲಿ. ಮುಗೀತು.

ಆ ನೂರಾರರಲ್ಲಿ ಹತ್ತು ಹೆಸರು ಹೇಳ್ರಪ್ಪಾ ಅಂದರೆ ಬಾಯಿಗೆ ಬೀಗ. ನಾನು ಈ ವಿಷಯಕ್ಕೆ ಸಿಡುಕೋದು ನಿಮಗೇನೂ ಹೊಸದಲ್ಲ, ಆದರೂ ಇನ್ನೊಮ್ಮೆ ಕೇಳಿಸಿಕೊಳ್ಳಿ. ಪೋಷಕ ನಟನ ಬಗ್ಗೆ ‘ನೂರಾರು’ ಅನ್ನೋದು ಹೊಗಳಿಕೆಯಲ್ಲ. ಪಟ್ಟಿ ಮಾಡಲು ಯಾರೂ ಕೂತಿಲ್ಲ ಅನ್ನೋದನ್ನು ಮರ್ಯಾದೆಯಾಗಿ ಹೇಳುವ ರೀತಿ ಅದು.

ಮೂರೇ ಸಿನಿಮಾ ತೆಗೆದುಕೊಳ್ಳಿ. 1972ರ ‘ನಾಗರಹಾವು’. ರಾಮಾಚಾರಿಯ ಕೈಗೆ ಸಿಕ್ಕು ಕಂಬಕ್ಕೆ ಕಟ್ಟಿಸಿಕೊಳ್ಳುವ ಪ್ರಿನ್ಸಿಪಾಲ್ ಇದೇ ಲೋಕನಾಥ್. 1974ರಲ್ಲಿ ಸಿದ್ಧಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’, ಅಲ್ಲಿ ಹಳ್ಳಿಗ. 1980ರಲ್ಲಿ ಶಂಕರ್ ನಾಗ್ ಅವರ ‘ಮಿಂಚಿನ ಓಟ’, ಅಣ್ಣ ತಮ್ಮ ನಾಗ್‌ಗಳ ಜೊತೆ ಕಾರು ಕದಿಯುವ ಮೂರನೆಯವನು. ಪ್ರಿನ್ಸಿಪಾಲ್, ಹಳ್ಳಿಗ, ಕಳ್ಳ. ಪ್ರಿನ್ಸಿಪಾಲನ ಪಾತ್ರದಲ್ಲಿ ನಟ ತನ್ನ ಗತ್ತನ್ನು ಮೊದಲು ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಅದು ಕಳಚುವಾಗ ಯಾರಿಗೂ ಏನೂ ಅನ್ನಿಸುವುದಿಲ್ಲ. ಕಳ್ಳರ ತಂಡದಲ್ಲಿ ಅದರ ತದ್ವಿರುದ್ಧ ಕೆಲಸ: ಇಬ್ಬರು ನಾಯಕರ ವೇಗಕ್ಕೆ ಅಡ್ಡ ಬರಬಾರದು, ಫ್ರೇಮಿನಿಂದ ಮಾಯವೂ ಆಗಬಾರದು. ವಿಡಿಯೊದಲ್ಲಿ ಇವೆರಡರ ಸುದ್ದಿಯೇ ಇಲ್ಲ. ಅಂದಹಾಗೆ, ರಾಷ್ಟ್ರಪ್ರಶಸ್ತಿಯಲ್ಲಿ ಪೋಷಕ ನಟರಿಗೆ ಅಂತ ಪ್ರತ್ಯೇಕ ವಿಭಾಗ ಶುರುವಾಗಿದ್ದೇ 1984ರಲ್ಲಿ. ಈ ಮೂರೂ ಅದಕ್ಕಿಂತ ಹಿಂದಿನವು, ಹಾಗಾಗಿ ಆ ಪಟ್ಟಿಯಲ್ಲಿ ಹುಡುಕಿದರೂ ಸಿಗೋದಿಲ್ಲ.

ಪಟ್ಟಿ ಯಾಕಿಲ್ಲ? ಕೆಲಸ ನಡೆಯುವ ರೀತಿಯೇ ಹಾಗಿದೆ. ನಾಯಕನಿಗೆ ಇಡೀ ಚಿತ್ರಕ್ಕೆ ಒಪ್ಪಂದ. ಪೋಷಕ ಕಲಾವಿದರಲ್ಲಿ ಹೆಚ್ಚಿನವರಿಗೆ ದಿನದ ಲೆಕ್ಕ. ಮ್ಯಾನೇಜರ್ ಫೋನು, ‘ಸಾರ್, ಮೂರು ದಿನದ ಕಾಲ್‌ಶೀಟ್, ಹೀರೊಯಿನ್ ಅಪ್ಪ’. ಪಾತ್ರದ ಹೆಸರು ಎಷ್ಟೋ ಸಲ ಸೆಟ್ಟಿಗೆ ಹೋದ ಮೇಲೇ ಗೊತ್ತಾಗೋದು. ಸಿನಿಮಾದ ಹೆಸರು ಬಿಡುಗಡೆಗೆ ಮುಂಚೆ ಬದಲಾಗಬಹುದು, ಸಿನಿಮಾವೇ ಡಬ್ಬಾದಲ್ಲಿ ಉಳಿಯಬಹುದು, ಎಡಿಟಿಂಗ್‌ನಲ್ಲಿ ಮೂರು ದಿನದ ಕೆಲಸ ಒಂದು ನಿಮಿಷಕ್ಕೆ ಇಳಿಯಬಹುದು. ಆಮೇಲೆ ಡಬ್ಬಿಂಗ್. ಬಾಕಿ ಹಣ ಬರುವ ತನಕ ಡಬ್ಬಿಂಗ್‌ಗೆ ಬರುವುದಿಲ್ಲ ಅಂತ ಕೂರೋದು ಸಣ್ಣ ಕಲಾವಿದನ ಕೈಲಿರುವ ಒಂದೇ ಅಸ್ತ್ರ. ನಿರ್ಮಾಪಕ ಅದಕ್ಕೂ ಬಗ್ಗದಿದ್ದರೆ ಬೇರೆಯವರ ದನಿ ಹಾಕಿಸಿ ಮುಗಿಸುತ್ತಾರೆ. ಮುಖ ಒಬ್ಬರದು, ಗಂಟಲು ಇನ್ನೊಬ್ಬರದು, ಟೈಟಲ್‌ನಲ್ಲಿ ಇಬ್ಬರ ಹೆಸರೂ ಇಲ್ಲದಿದ್ದರೆ ಆಶ್ಚರ್ಯ ಬೇಡ.

ಇನ್ನು ಆ ಟೈಟಲ್ ಕಾರ್ಡು. ಹಳೆಯ ಚಿತ್ರಗಳಲ್ಲಿ ನಾಯಕ, ನಾಯಕಿ, ಖಳನಾಯಕ ಆದ ಮೇಲೆ ಉಳಿದವರದೆಲ್ಲ ಒಂದೇ ಕಾರ್ಡಿನಲ್ಲಿ ಒಂದರ ಕೆಳಗೊಂದು ಹೆಸರು. ಯಾವ ಪಾತ್ರ ಯಾರದು ಅಂತ ಇಲ್ಲ. ಇನಿಷಿಯಲ್ ಒಂದು ಚಿತ್ರದಲ್ಲಿ ಇರುತ್ತೆ, ಇನ್ನೊಂದರಲ್ಲಿ ಹಾರಿಹೋಗಿರುತ್ತೆ. ಒಂದೇ ಹೆಸರಿನ ಇಬ್ಬರಿದ್ದರೆ ಜಾಲತಾಣಗಳು ಇಬ್ಬರ ಚಿತ್ರಗಳನ್ನೂ ಒಬ್ಬರ ತಲೆಗೆ ಕಟ್ಟುತ್ತವೆ. ಟಿವಿಯಲ್ಲಿ ಹಾಕುವಾಗ ಟೈಟಲ್‌ಗೇ ಕತ್ತರಿ, ಯೂಟ್ಯೂಬಿಗೆ ಏರಿಸುವವರು ನೇರ ಮೊದಲ ದೃಶ್ಯದಿಂದ ಏರಿಸುತ್ತಾರೆ, ಓಟಿಟಿಯಲ್ಲಂತೂ ಕೊನೆಯ ಹೆಸರುಗಳು ಓಡುವಷ್ಟರಲ್ಲಿ ಮುಂದಿನ ಕಂತು ಶುರು.

ಧಾರಾವಾಹಿಗಳ ಕಥೆ ಇನ್ನೂ ಕಷ್ಟದ್ದು. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ಉಳಿಯೋದು 20–22 ನಿಮಿಷ, ವಾರಕ್ಕೆ ಐದೋ ಆರೋ ಕಂತು. ಶೂಟಿಂಗ್ ಕಂತಿನ ಲೆಕ್ಕದಲ್ಲಿ ನಡೆಯೋದಿಲ್ಲ, ಸೆಟ್ಟಿನ ಲೆಕ್ಕದಲ್ಲಿ ನಡೆಯುತ್ತೆ. ಹಾಲ್‌ನ ದೃಶ್ಯಗಳೆಲ್ಲ ಒಟ್ಟಿಗೆ. ಬೆಳಗ್ಗೆ ಮುಂದಿನ ವಾರದ ಸಾವಿನ ಅಳು, ಊಟಕ್ಕೆ ಮುಂಚೆ ಈ ವಾರದ ನಿಶ್ಚಿತಾರ್ಥದ ನಗು. ಸೀರೆ ಬಹಳ ಸಲ ಕಲಾವಿದೆ ಮನೆಯಿಂದ ತಂದದ್ದೇ, ಆದ್ದರಿಂದ ಯಾವ ದೃಶ್ಯಕ್ಕೆ ಯಾವುದು ಉಟ್ಟಿದ್ದೆ ಅಂತ ಫೋನಿನಲ್ಲಿ ಫೋಟೊ ಇಟ್ಟುಕೊಳ್ಳಬೇಕು. ನಾಯಕಿ ಒಂದು ಮಾತಾಡಿದರೆ ಅತ್ತೆ, ಚಿಕ್ಕಮ್ಮ, ಭಾವ, ಅಡುಗೆಯವಳು ಎಲ್ಲರದೂ ಒಂದೊಂದು ರಿಯಾಕ್ಷನ್. ಎದುರು ಯಾರೂ ಇಲ್ಲದೆ, ಸಹಾಯಕ ನಿರ್ದೇಶಕ ತೋರಿಸಿದ ಬೆರಳನ್ನು ನೋಡಿ ಬೆಚ್ಚಿಬೀಳಬೇಕು. ಮಾಡಿ ನೋಡಿ, ಎಷ್ಟು ಸುಲಭ ಅಂತ.

ಎರಡು ಕಡೆ ಒಪ್ಪಿಕೊಂಡವರ ಪಾಡು ಕೇಳಲೇಬೇಡಿ. ಸಿನಿಮಾಕ್ಕೆ ಗಡ್ಡ ಬಿಟ್ಟರೆ ಧಾರಾವಾಹಿಯ ಕಂಟಿನ್ಯುಟಿ ಕೆಡುತ್ತೆ, ಹಿಂದಿನ ದೃಶ್ಯದ ಮುಖಕ್ಕೂ ಮುಂದಿನದಕ್ಕೂ ತಾಳೆಯಾಗೋದಿಲ್ಲ. ಸಿನಿಮಾದ ಶೆಡ್ಯೂಲ್ ನಾಲ್ಕು ದಿನ ಮುಂದೆ ಹೋದರೆ ಧಾರಾವಾಹಿಯ ಮಾವನವರು ದಿಢೀರ್ ಅಂತ ಕಾಶಿಯಾತ್ರೆಗೆ ಹೊರಡುತ್ತಾರೆ. ಡೇಟ್ಸ್ ಮತ್ತೂ ಹೊಂದದಿದ್ದರೆ ‘ಈ ಪಾತ್ರವನ್ನು ಇನ್ನು ಮುಂದೆ...’ ಅನ್ನುವ ಕಾರ್ಡು. ಹಿಂದಿನವರು ಮಾಡಿದ ಅಷ್ಟೂ ಕಂತು ಯಾವ ಪಟ್ಟಿಗೂ ಸೇರೋದಿಲ್ಲ.

‘ಜನ ಒಂದು ದೃಶ್ಯವನ್ನಾದರೂ ನೆನಪಿಟ್ಟುಕೊಂಡಿದ್ದಾರಲ್ಲ, ಅದೇ ದೊಡ್ಡದು’ ಅಂತ ಕಾಮೆಂಟು ಬರುತ್ತೆ, ಗೊತ್ತು. ಉಪ್ಪಿನಕಾಯಿ ದೃಶ್ಯ ಬಂದರೆ ನಾನೂ ಚಾನೆಲ್ ಬದಲಾಯಿಸೋದಿಲ್ಲ. ಜನರ ಪ್ರೀತಿಗೆ ನನ್ನ ತಕರಾರಿಲ್ಲ. ಆದರೆ ಜನ ಮರೆಯೋದು ಬೇರೆ, ‘ಸಾಧನೆ’ ಹೇಳ್ತೀವಿ ಅಂತ ಮೈಕ್ ಹಿಡಿದವರು ಹುಡುಕದೇ ಇರೋದು ಬೇರೆ. ನಾಯಕನಟರ ನೂರನೇ ಚಿತ್ರ ಯಾವುದು ಅಂತ ನಿದ್ದೆಯಲ್ಲೂ ಹೇಳುವವರು ಇವರೇ ತಾನೆ?

ವೈಶಾಲಿ ಕಾಸರವಳ್ಳಿ ಅವರನ್ನೇ ನೋಡಿ. ‘ಮಾಲ್ಗುಡಿ ಡೇಸ್’ನ ಸ್ವಾಮಿಯ ಅಮ್ಮ ಅಂದರೆ ಎಲ್ಲರಿಗೂ ಗೊತ್ತು. ‘ತಾಯಿ ಸಾಹೇಬ’ಕ್ಕೆ ವಸ್ತ್ರವಿನ್ಯಾಸದ ರಾಷ್ಟ್ರಪ್ರಶಸ್ತಿ ಪಡೆದವರೂ, ‘ಮೂಡಲ ಮನೆ’ ಧಾರಾವಾಹಿಯನ್ನು ನಿರ್ದೇಶಿಸಿದವರೂ ಅವರೇ ಅಂದರೆ ‘ಓ ಹೌದಾ?’ ದತ್ತಣ್ಣ ವಾಯುಪಡೆಯಲ್ಲಿದ್ದವರು, ‘ಭಾರತ್ ಸ್ಟೋರ್ಸ್’ನ ಅಂಗಡಿಯಾತ, ‘ನೀರ್ ದೋಸೆ’ಯ ತುಂಟ ಮುದುಕ, 2019ರಲ್ಲಿ ಹಿಂದಿಯ ‘ಮಿಷನ್ ಮಂಗಲ್’ನಲ್ಲೂ ಇದ್ದರು. ಉಮಾಶ್ರೀ ವರ್ಷಗಟ್ಟಲೆ ಕಾಮಿಡಿ ಟ್ರ್ಯಾಕ್‌ಗಳಲ್ಲಿ ದುಡಿದು, ‘ಗುಲಾಬಿ ಟಾಕೀಸ್’ಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದು, ಮಂತ್ರಿಯೂ ಆಗಿ, ಆಮೇಲೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಗೆ ಬಂದರು. ಇವರನ್ನೆಲ್ಲ ಒಂದು ಕೊಳಲಿನ ಟ್ಯೂನಿಗೆ ಮುಗಿಸೋಕೆ ಆಗುತ್ತಾ?

ಮುಂದಿನ ವಿಡಿಯೊ ಮಾಡುವ ಪುಣ್ಯಾತ್ಮರಿಗೆ: ಮೊದಲು ಟೈಟಲ್ ಇರುವ ಪ್ರತಿ ಹುಡುಕಿ, ಆ ಕಾರ್ಡಿನ ಸ್ಕ್ರೀನ್‌ಶಾಟ್ ತೆಗೆಯಿರಿ. ವರ್ಷ, ನಿರ್ದೇಶಕ, ಪಾತ್ರದ ಹೆಸರು, ದನಿ ಅವರದೇನಾ, ಇಷ್ಟು ಬರೆದುಕೊಳ್ಳಿ. ಧಾರಾವಾಹಿಯಾದರೆ ಯಾವ ಕಂತಿನಿಂದ ಯಾವ ಕಂತಿನವರೆಗೆ ಅನ್ನೋದೂ ಬೇಕು, ಪಾತ್ರ ಕೈ ಬದಲಾಗಿರುತ್ತೆ. ಕಲಾವಿದರು ಬದುಕಿದ್ದರೆ ಅವರನ್ನೇ ಕೇಳಿ, ಎಷ್ಟೋ ಜನ ಕಾಲ್‌ಶೀಟ್ ಡೈರಿ ಎಸೆದಿರೋದಿಲ್ಲ. ನಲವತ್ತು ಹೆಸರು ಸಿಕ್ಕಿದರೆ ‘ನಲವತ್ತು ಸಿಕ್ಕಿವೆ’ ಅಂತಲೇ ಹಾಕಿ. ‘ನೂರಾರು’ ಬೇಡ. ಕೊಳಲೂ ಬೇಡ.