ನಗರಕ್ಕೊಂದು ನಗುವಿನ ಅಂಕಪಟ್ಟಿ

ಪ್ಯಾರಿಸ್‌ನವರು ಒರಟರು, ನ್ಯೂಯಾರ್ಕ್‌ನವರಿಗೆ ಪುರುಸೊತ್ತಿಲ್ಲ, ಲಂಡನ್‌ನವರು ಮುಖ ಕೊಟ್ಟು ಮಾತಾಡುವುದಿಲ್ಲ, ಬರ್ಲಿನ್‌ನವರು ಬಾಯಿ ಬಿಟ್ಟರೆ ಬೈಗುಳ. ಆ ಊರುಗಳನ್ನು ಕನಸಿನಲ್ಲೂ ಕಾಣದವರು ಇದನ್ನೆಲ್ಲ ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. ಕಂಡು ಬಂದವರ ಹತ್ತಿರವಂತೂ ಸಾಕ್ಷಿಯೇ ಇರುತ್ತದೆ. ಏನು ಸಾಕ್ಷಿ ಎಂದು ಕೇಳಿ ನೋಡಿ. ಒಬ್ಬ ವೇಟರ್. ಅವನು ನೀರಿನ ಲೋಟವನ್ನು ಮೇಜಿನ ಮೇಲೆ ಕೊಂಚ ಜೋರಾಗಿ ಇಟ್ಟ. ಇಪ್ಪತ್ತು ಲಕ್ಷ ಜನರ ಪ್ಯಾರಿಸ್ಸಿನ ಗುಣನಡತೆ ಆ ಲೋಟದ ಸದ್ದಿನಲ್ಲೇ ಇತ್ಯರ್ಥವಾಗಿಬಿಟ್ಟಿತು. ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುವುದು ಸರಿಯೇ, ಆದರೆ ಈ ಅಗುಳು ಮೊನ್ನೆ ತಾನೇ ಬೇರೆ ಯಾವುದೋ ದೇಶದ ಪಾತ್ರೆಯಿಂದ ಬಂದು ಬಿದ್ದದ್ದೂ ಇರಬಹುದು. ಅದನ್ನು ಯಾರು ವಿಚಾರಿಸುತ್ತಾರೆ?

ಇದಕ್ಕೊಂದು ಭೂಗೋಳಶಾಸ್ತ್ರವೂ ಇದೆ. ಇಟಲಿಯಲ್ಲಿ ಮಿಲಾನ್‌ನವರು ಬಿಗುಮಾನದವರು, ನೇಪಲ್ಸ್‌ನವರು ಮೈಮೇಲೆ ಬಿದ್ದು ಪ್ರೀತಿಸುವವರು. ಅಮೆರಿಕದಲ್ಲಿ ನ್ಯೂಯಾರ್ಕ್ ಕಲ್ಲು, ದಕ್ಷಿಣದ ರಾಜ್ಯಗಳು ಬೆಣ್ಣೆ. ಬಿಸಿಲು ಹೆಚ್ಚಿದ್ದಲ್ಲಿ ಜನ ಕರಗುತ್ತಾರೆ ಎಂಬ ಸಿದ್ಧಾಂತ ಇಲ್ಲಿಯವರೆಗೆ ಸಲೀಸಾಗಿ ಓಡುತ್ತದೆ, ಇಂಗ್ಲೆಂಡಿಗೆ ಬಂದ ಕೂಡಲೇ ಮುಗ್ಗರಿಸುತ್ತದೆ. ಅಲ್ಲಿ ಚಳಿಯ ಉತ್ತರದವರೇ ಬಸ್ ಸ್ಟಾಪಿನಲ್ಲಿ ಸಿಕ್ಕವರಿಗೆಲ್ಲ ಮನೆ ಕಥೆ ಹೇಳುವ ಸ್ನೇಹಜೀವಿಗಳು, ದಕ್ಷಿಣದ ಲಂಡನ್ನಿನವರು ಹಿಮಗಡ್ಡೆ. ಹಾಗಂತ ಸಿದ್ಧಾಂತಿಗಳೇನೂ ಸೋಲೊಪ್ಪಿಕೊಳ್ಳುವುದಿಲ್ಲ. ಚಳಿ ಇದ್ದಲ್ಲಿ ಜನ ಒತ್ತೊತ್ತಾಗಿ ಕೂರುತ್ತಾರೆ, ಅದಕ್ಕೇ ಆತ್ಮೀಯತೆ ಎಂದು ತಿರುಗಿಸಿ ಹೇಳುತ್ತಾರೆ. ಜಪಾನಿನಲ್ಲಿ ಟೋಕಿಯೋದವರು ಮೌನಿಗಳು, ಒಸಾಕಾದವರು ವಾಚಾಳಿಗಳು. ಎರಡೂ ಊರಿನ ಹವೆ ಹೆಚ್ಚುಕಡಿಮೆ ಒಂದೇ. ಅಲ್ಲಿ ಥರ್ಮಾಮೀಟರ್ ಕೆಲಸಕ್ಕೆ ಬಾರದ್ದರಿಂದ, ಒಸಾಕಾದವರು ವ್ಯಾಪಾರಿಗಳ ವಂಶ, ಮಾತು ಅವರ ರಕ್ತದಲ್ಲೇ ಇದೆ ಎನ್ನಲಾಗುತ್ತದೆ.

ನ್ಯೂಯಾರ್ಕ್ ಕಲ್ಲಾದ ಕಥೆಗೆ ಒಂದು ಮೂಲ ದಾಖಲೆಯೇ ಇದೆ. 1964ರ ಮಾರ್ಚ್‌ನಲ್ಲಿ ಅಲ್ಲಿನ ಕ್ವೀನ್ಸ್ ಪ್ರದೇಶದಲ್ಲಿ ಒಬ್ಬ ಯುವತಿಯ ಕೊಲೆಯಾಯಿತು. 38 ಮಂದಿ ನೋಡುತ್ತಿದ್ದರು, ಕೊಲೆ ನಡೆಯುತ್ತಿದ್ದಷ್ಟು ಹೊತ್ತು ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಎಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಜಗತ್ತಿನ ಮನಶ್ಶಾಸ್ತ್ರದ ಪಠ್ಯಪುಸ್ತಕಗಳೆಲ್ಲ ಆ 38 ಮಂದಿಯನ್ನು ದತ್ತು ತೆಗೆದುಕೊಂಡವು. ಅದೇ ಪತ್ರಿಕೆ 2016ರಲ್ಲಿ, ಆ ವರದಿಯಲ್ಲಿ ದೋಷಗಳಿದ್ದವು, ಸಾಕ್ಷಿಗಳ ಸಂಖ್ಯೆಯನ್ನು ವಿಪರೀತ ಉಬ್ಬಿಸಲಾಗಿತ್ತು ಎಂದು ಬರೆಯಿತು. ಪಕ್ಕದ ಮನೆಯ ಹೆಂಗಸೊಬ್ಬಳು ಕೆಳಗೆ ಓಡಿಬಂದು, ಸಾಯುತ್ತಿದ್ದವಳನ್ನು ತೋಳಿನಲ್ಲಿ ಹಿಡಿದು ಕೂತಿದ್ದಳು ಎಂಬುದೂ ನಿಧಾನವಾಗಿ ಗೊತ್ತಾಯಿತು. ಆರೋಪ ಎರಡು ವಾರದಲ್ಲಿ ಅಚ್ಚಾಗಿತ್ತು, ತಿದ್ದುಪಡಿಗೆ 52 ವರ್ಷ ಹಿಡಿಯಿತು. ನ್ಯೂಯಾರ್ಕ್‌ನವರಿಗೆ ಪುರುಸೊತ್ತಿಲ್ಲ ಎನ್ನುವುದಕ್ಕೆ ಬೇಕಿದ್ದರೆ ಇದನ್ನು ಆಧಾರವಾಗಿ ಕೊಡಬಹುದು.

ಬಾಯಿಮಾತು ಸಾಲದು ಅನಿಸಿದಾಗ ವಿಜ್ಞಾನ ಬೀದಿಗಿಳಿಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಲೆವೀನ್ ಮತ್ತು ಸಂಗಡಿಗರು ಜಗತ್ತಿನ 23 ಮಹಾನಗರಗಳಿಗೆ ಪರೀಕ್ಷೆ ಇಟ್ಟರು, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಶ್ನೆಗಳು ಮೂರು. ಒಬ್ಬ ನಡೆಯುತ್ತ ನಡೆಯುತ್ತ, ಗೊತ್ತೇ ಆಗದವನಂತೆ ಪೆನ್ನು ಬೀಳಿಸುತ್ತಾನೆ, ಯಾರಾದರೂ ಕರೆದು ಹೇಳುತ್ತಾರೆಯೇ? ಇನ್ನೊಬ್ಬ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತ ಬಂದು ಪತ್ರಿಕೆಗಳ ಕಟ್ಟು ಚೆಲ್ಲುತ್ತಾನೆ, ಎತ್ತಿಕೊಡುತ್ತಾರೆಯೇ? ಮತ್ತೊಬ್ಬ ಅಂಧನ ವೇಷದಲ್ಲಿ ಸಿಗ್ನಲ್ ಬಳಿ ನಿಲ್ಲುತ್ತಾನೆ, ರಸ್ತೆ ದಾಟಿಸುತ್ತಾರೆಯೇ? ಮನುಷ್ಯರ ದಯೆ ಅಳೆಯಲು ಹೊರಟವರು ಮೊದಲು ಮಾಡಿದ ಕೆಲಸ ದಾರಿಹೋಕರಿಗೆ ಸುಳ್ಳು ಹೇಳಿದ್ದು. ಇರಲಿ, ವಿಜ್ಞಾನದಲ್ಲಿ ಅದಕ್ಕೆ ಮಾಫಿ ಇದೆ.

ರಿಯೋ ಡಿ ಜನೈರೋ ಮೊದಲ ರ್‍ಯಾಂಕು. ನಮ್ಮ ಕೋಲ್ಕತ್ತ ನಾಲ್ಕನೆಯದು. ನ್ಯೂಯಾರ್ಕ್ 22ನೆಯದು, ಕ್ವಾಲಾಲಂಪುರ ಕೊನೆ. ಅಂಕಗಳಿಗಿಂತ ರುಚಿಕರವಾದದ್ದು ಉತ್ತರ ಬರೆದ ಶೈಲಿ. ರಿಯೋದವರು ಬಿದ್ದ ಪೆನ್ನನ್ನು ಎತ್ತಿಕೊಂಡು, ಕೆಲವೊಮ್ಮೆ ಹಿಂದೆಯೇ ಓಡಿಬಂದು ಕೈಗೆ ಕೊಡುತ್ತಿದ್ದರಂತೆ. ನ್ಯೂಯಾರ್ಕ್‌ನವರು ‘ಪೆನ್ನು ಬಿತ್ತು’ ಎಂದು ಕೂಗಿ, ತಿರುಗಿಯೂ ನೋಡದೆ ಎದುರು ದಿಕ್ಕಿಗೆ ಹೊರಟುಬಿಡುತ್ತಿದ್ದರು. ಅಂಧನ ಪಕ್ಕದಲ್ಲಿ ಹಸಿರು ದೀಪ ಬರುವವರೆಗೆ ಕಾದು, ‘ಹಸಿರು ಬಂತು’ ಎಂದು ಒಂದೇ ಮಾತಿನಲ್ಲಿ ತಿಳಿಸಿ ಮುಂದೆ ಹೋಗಿಬಿಡುತ್ತಿದ್ದರು. ಸಹಾಯವೂ ಆಯಿತು, ಸಮಯವೂ ಉಳಿಯಿತು. ಸ್ನೇಹಶೀಲ ನಗರಗಳಲ್ಲಿ ಪರೀಕ್ಷಕರ ಪಾಡು ನೋಡಬೇಕಿತ್ತು. ರಸ್ತೆ ದಾಟಿಸಿದವರು ಕೈ ಬಿಡಲೊಲ್ಲರು: ಮುಂದೆ ಎಲ್ಲಿಗೆ, ಇನ್ನೇನು ಬೇಕು? ಇಂಥ ದಯಾಳುಗಳ ಕೈಯಿಂದ ಬಿಡಿಸಿಕೊಳ್ಳುವುದೇ ಒಂದು ಸಮಸ್ಯೆಯಾಯಿತು ಎಂದು ಲೆವೀನ್ ಬರೆದಿದ್ದಾರೆ. ಕಣ್ಣು ಚೆನ್ನಾಗಿರುವವನೊಬ್ಬ ಕಪ್ಪು ಕನ್ನಡಕ ಹಾಕಿಕೊಂಡು, ಬೇಡದ ದಿಕ್ಕಿಗೆ ಕೈಹಿಡಿದು ನಡೆಸಿಕೊಳ್ಳುತ್ತ, ತಪ್ಪಿಸಿಕೊಳ್ಳಲು ಸಂದಿ ಹುಡುಕುತ್ತಿರುವುದನ್ನು ಊಹಿಸಿಕೊಳ್ಳಿ. ಅಂಥ ಊರಿಗೇ ಹೆಚ್ಚು ಅಂಕ.

ಐದು ವರ್ಷ ಕಳೆಯಿತು. 2006ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆ 35 ನಗರಗಳಿಗೆ ಮರ್ಯಾದೆಯ ಪರೀಕ್ಷೆ ನಡೆಸಿತು. ಇಲ್ಲಿಯೂ ಪ್ರಶ್ನೆಗಳು ಮೂರೇ: ಹಿಂದೆ ಬರುವವರಿಗೆ ಬಾಗಿಲು ಹಿಡಿಯುತ್ತಾರೆಯೇ, ಅಂಗಡಿಯವರು ಥ್ಯಾಂಕ್ಸ್ ಹೇಳುತ್ತಾರೆಯೇ, ಬಿದ್ದ ಕಾಗದಗಳನ್ನು ಎತ್ತಿಕೊಡುತ್ತಾರೆಯೇ. ಮೊದಲ ರ್‍ಯಾಂಕು ಯಾರಿಗೆ? ನ್ಯೂಯಾರ್ಕಿಗೆ! ಅರುವತ್ತರ ದಶಕದಿಂದ ಕ್ರೌರ್ಯಕ್ಕೆ ಉದಾಹರಣೆಯಾಗಿದ್ದ ಊರು, ಮೊನ್ನೆಯ ಪರೀಕ್ಷೆಯಲ್ಲಿ ಕೊನೆಯಿಂದ ಎರಡನೆಯದಾಗಿದ್ದ ಊರು, ಇದ್ದಕ್ಕಿದ್ದಂತೆ ತರಗತಿಗೇ ಜಾಣ. ಕೊನೆಯ ಸ್ಥಾನ ಮುಂಬೈಗೆ. ಹಾಗಾದರೆ ಭಾರತದ ಮಹಾನಗರದವರು ದಯಾಮಯಿಗಳೋ ಒರಟರೋ? ಪೆನ್ನು ಬಿದ್ದರೆ ದಯಾಮಯಿಗಳು, ಕಾಗದ ಬಿದ್ದರೆ ಒರಟರು ಎಂದುಕೊಳ್ಳೋಣ. ಬಾಗಿಲು ಹಿಡಿದು ನಿಲ್ಲುವುದನ್ನೇ ಮರ್ಯಾದೆ ಎಂದು ಎಲ್ಲಿ ತೀರ್ಮಾನಿಸಿದರೋ. ಥ್ಯಾಂಕ್ಸನ್ನು ತಲೆ ಅಲ್ಲಾಡಿಸಿ ಮುಗಿಸುವ ಊರುಗಳೂ ಇವೆ, ಆದರೆ ತಲೆ ಅಲ್ಲಾಡಿಸಿದ್ದಕ್ಕೆ ಅಂಕಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಅಂಕ ಕಡಿಮೆ ಬಂದ ಮಕ್ಕಳಿಗೆ ಟ್ಯೂಷನ್ ಹಾಕಿಸುವ ಹಾಗೆ ಕೆಲವು ನಗರಗಳಿಗೂ ಟ್ಯೂಷನ್ ಆಯಿತು. 2013ರಲ್ಲಿ ಪ್ಯಾರಿಸ್ಸಿನ ವಾಣಿಜ್ಯ ಮಂಡಳಿ ಮತ್ತು ಪ್ರವಾಸೋದ್ಯಮ ಸಮಿತಿ ಸೇರಿ ಒಂದು ಕೈಪಿಡಿ ಅಚ್ಚು ಹಾಕಿಸಿ ವೇಟರುಗಳಿಗೆ, ಟ್ಯಾಕ್ಸಿಯವರಿಗೆ, ಅಂಗಡಿಯವರಿಗೆ ಹಂಚಿದವು. ಪ್ಯಾರಿಸ್‌ನವರು ಒರಟರು ಎಂಬ ಪೂರ್ವಗ್ರಹ ತೊಡೆಯುವುದು ಉದ್ದೇಶ. ಒಳಗೆ ಏನಿತ್ತು? ಬ್ರಿಟಿಷರನ್ನು ಹೆಸರು ಹಿಡಿದು ಕರೆದರೆ ಖುಷಿಯಾಗುತ್ತಾರೆ, ಚೀನೀಯರಿಗೆ ಶಾಪಿಂಗ್ ಹುಚ್ಚು, ಅವರ ಭಾಷೆಯಲ್ಲೊಂದು ನಮಸ್ಕಾರ ಹೇಳಿ ನಕ್ಕರೆ ಸಾಕು, ಇತ್ಯಾದಿ. ಒಂದು ಊರಿನ ಮೇಲಿನ ಪೂರ್ವಗ್ರಹ ಕಳೆಯಲು ಹತ್ತಾರು ದೇಶಗಳ ಮೇಲಿನ ಪೂರ್ವಗ್ರಹಗಳನ್ನು ಬೈಂಡ್ ಮಾಡಿ ಕೊಟ್ಟರು.

ಬೀಜಿಂಗ್‌ನದು ಇನ್ನೂ ಶಿಸ್ತಿನ ದಾರಿ. 2008ರ ಒಲಿಂಪಿಕ್ಸ್‌ಗೆ ಬರುವ ಅತಿಥಿಗಳ ಮುಂದೆ ಮಾನ ಹೋಗಬಾರದೆಂದು 2007ರ ಫೆಬ್ರವರಿಯಿಂದ ಪ್ರತಿ ತಿಂಗಳ 11ನೇ ತಾರೀಖನ್ನು ಸಾಲಿನ ದಿನ ಎಂದು ಘೋಷಿಸಿದರು. ಎರಡು ಒಂದುಗಳು ಒಂದರ ಹಿಂದೊಂದು ನಿಂತಿವೆಯಲ್ಲ, ಹಾಗೆ ನಿಲ್ಲಬೇಕಂತೆ. 12ನೇ ತಾರೀಖಿನಂದು ಒಂದರ ಪಕ್ಕ ಎರಡು ಬಂದು ನಿಂತಿತಲ್ಲ ಎಂದು ಯಾರಾದರೂ ನುಗ್ಗಿದರೋ ಏನೋ.

ಆದರೆ ಈ ವಿಷಯದಲ್ಲಿ ಸಿಂಗಾಪುರದ ಸಮಕ್ಕೆ ಯಾರೂ ಇಲ್ಲ. ಅಲ್ಲಿ ಸೌಜನ್ಯವೂ ಸರ್ಕಾರಿ ಕಾರ್ಯಕ್ರಮ. 1979ರಲ್ಲಿ ರಾಷ್ಟ್ರೀಯ ಸೌಜನ್ಯ ಅಭಿಯಾನ ಶುರುವಾಯಿತು, 1982ರಲ್ಲಿ ಅದಕ್ಕೆ ಸಿಂಗಾ ಎಂಬ ನಗುಮುಖದ ಸಿಂಹದ ಲಾಂಛನ ಬಂತು. ಪೋಸ್ಟರುಗಳಲ್ಲಿ, ಶಾಲೆಗಳಲ್ಲಿ ಆ ಸಿಂಹ ದಶಕಗಟ್ಟಲೆ ಹಲ್ಲು ಕಿರಿಯಿತು. ಸಿಂಹ ಹಲ್ಲು ತೋರಿಸಿದರೆ ಜನ ಹೇಳಿದ ಮಾತು ಕೇಳುತ್ತಾರೆ ಎಂಬ ಲೆಕ್ಕಾಚಾರವಿದ್ದರೂ ಇರಬಹುದು. ಕೊನೆಗೆ 2013ರಲ್ಲಿ ಅದು ಬಹಿರಂಗ ಪತ್ರ ಬರೆದು ಕೆಲಸಕ್ಕೆ ರಾಜೀನಾಮೆ ಕೊಟ್ಟಿತು: ಸಮಾಜ ದಿನೇ ದಿನೇ ಸಿಡುಕಾಗುತ್ತಿದೆ, ನನಗಿನ್ನು ಸಾಕಾಗಿದೆ. ಅದೂ ಅಭಿಯಾನದವರದೇ ಪ್ರಚಾರ ತಂತ್ರ. ಒಂದು ದೇಶದ ಜನರ ಮೇಲೆ ಬೊಂಬೆಯೊಂದು ಮುನಿಸಿಕೊಂಡು ಮನೆಗೆ ಹೋದದ್ದು ಬೇರೆಲ್ಲಾದರೂ ಉಂಟೇ? ಅಲ್ಲಿನವರು ಅದಕ್ಕೆ ಬೀಳ್ಕೊಡುಗೆ ಕೊಡದೆ ಕಳಿಸಿದ್ದರೆ ಆ ಊರಿನ ರ್‍ಯಾಂಕು ಇನ್ನೆರಡು ಸ್ಥಾನ ಇಳಿಯಬೇಕಿತ್ತು.

ಲಂಡನ್ನಿನಲ್ಲಿ ಸರ್ಕಾರ ಕೈಹಾಕಲಿಲ್ಲ. 2016ರಲ್ಲಿ ಅಲ್ಲಿ ನೆಲೆಸಿದ್ದ ಒಬ್ಬ ಅಮೆರಿಕದವನೇ ಸಮಾಜಸೇವೆಗೆ ಇಳಿದ. ‘ಟ್ಯೂಬ್ ಚಾಟ್?’ ಎಂದು ಬರೆದ ಬ್ಯಾಡ್ಜುಗಳನ್ನು ಸುರಂಗ ರೈಲಿನ ಪ್ರಯಾಣಿಕರಿಗೆ ಹಂಚಿದ. ಇದನ್ನು ಅಂಗಿಗೆ ಸಿಕ್ಕಿಸಿಕೊಂಡವರು ಅಪರಿಚಿತರೊಂದಿಗೆ ಹರಟೆಗೆ ಸಿದ್ಧ ಎಂದರ್ಥ. ಲಂಡನ್ನಿನವರಿಗೆ ಎದೆ ಧಸಕ್ಕೆಂದಿತು. ನನ್ನನ್ನು ಮಾತಾಡಿಸುವ ಯೋಚನೆಯನ್ನೂ ಮಾಡಬೇಡಿ ಎಂಬರ್ಥದ ಎದುರು ಬ್ಯಾಡ್ಜುಗಳೇ ಹುಟ್ಟಿಕೊಂಡವು. ವಿಚಿತ್ರವೆಂದರೆ ಬೇಡ, ಬೇಡ ಎಂದು ಆ ಊರಿನ ಜನ ಪರಸ್ಪರ ಅಷ್ಟೊಂದು ಮಾತಾಡಿದ್ದು ಅದೇ ವಿಷಯಕ್ಕೆ.

ಮಹಾನಗರದವರ ಕಡೆಯ ಲೆಕ್ಕವನ್ನೂ ನೋಡಬೇಕಲ್ಲ. ಬರ್ಲಿನ್ನಿನಲ್ಲಿ ಹುಟ್ಟಿ ಬೆಳೆದ ಸಮಾಜಶಾಸ್ತ್ರಜ್ಞ ಗಿಯೊರ್ಗ್ ಸಿಮ್ಮೆಲ್ 1903ರಲ್ಲೇ ಬರೆದಿದ್ದ: ಸಣ್ಣ ಊರಿನಲ್ಲಿ ಮಾಡುವಂತೆ ಎದುರಾದವರಿಗೆಲ್ಲ ಮನಸ್ಸು ಕೊಡುತ್ತ ಹೋದರೆ ಮಹಾನಗರದವನ ಮನಸ್ಸು ಚೂರುಚೂರಾಗುತ್ತದೆ, ಆ ಬಿಗುಮಾನ ಅವನ ಕೊಡೆ. ಲಂಡನ್ನಿನ ಸುರಂಗ ರೈಲಿನಲ್ಲಿ ದಿನಕ್ಕೆ 50 ಲಕ್ಷದವರೆಗೆ ಪ್ರಯಾಣಗಳು ನಡೆಯುತ್ತವೆ. ನೂರು ಜನ ನಿಂತ ಒಂದು ಬೋಗಿಯಲ್ಲಿ ಎಲ್ಲರೂ ಎಲ್ಲರ ಕೈಕುಲುಕಲು ಹೊರಟರೆ 4,950 ಕೈಕುಲುಕಾಟ. ಅಷ್ಟರಲ್ಲಿ ಇಳಿಯುವ ಸ್ಟೇಷನ್ ಹಿಂದೆ ಹೋಗಿರುತ್ತದೆ, ಮತ್ತು ಕೈಗಳು ಕಂಬ ಬಿಟ್ಟದ್ದರಿಂದ ಮೊದಲ ತಿರುವಿನಲ್ಲೇ ಎಲ್ಲರೂ ನೆಲದ ಮೇಲಿರುತ್ತಾರೆ. ಸ್ನೇಹ ಬೆಳೆಯುವುದೇನೋ ನಿಜ.

ಇಷ್ಟೆಲ್ಲ ಪರೀಕ್ಷೆಗಳ ನಡುವೆ ಒಂದು ಪಂಗಡಕ್ಕೆ ಇದುವರೆಗೆ ಹಾಲ್ ಟಿಕೆಟ್ಟೇ ಹೋಗಿಲ್ಲ, ಅದು ಪ್ರವಾಸಿಗಳದ್ದು. ಅವರಿಗೂ ಮೂರು ಪ್ರಶ್ನೆ ಇಡೋಣ. ಒಂದು, ಫುಟ್‌ಪಾತಿನ ಅಗಲಕ್ಕೆ ಸರಿಯಾಗಿ ಐದು ಜನ ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳುವಾಗ, ಹಿಂದೆ ನಿಂತು ಕಾಯುತ್ತಿರುವವರ ಕಡೆ ಒಮ್ಮೆಯಾದರೂ ನೋಡುತ್ತಾರೆಯೇ? ಎರಡು, ಆಫೀಸಿಗೆ ಓಡುತ್ತಿರುವವನನ್ನು ತಡೆದು ದಾರಿ ಕೇಳಿ, ಅವನು ಕೈ ತೋರಿಸಿ ವಿವರವಾಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಫೋನ್ ತೆಗೆದು ‘ಇಲ್ಲ, ಇದರಲ್ಲಿ ಬೇರೆ ತೋರಿಸುತ್ತಿದೆ’ ಎನ್ನುತ್ತಾರೆಯೇ? ಮೂರು, ಲಂಡನ್ನಿನ ಎಸ್ಕಲೇಟರಿನಲ್ಲಿ ನಿಲ್ಲುವವರು ಬಲಕ್ಕೆ ನಿಲ್ಲಬೇಕು ಎಂಬ ಫಲಕದ ಕೆಳಗೇ, ಎಡಬದಿಗೆ ಸೂಟ್‌ಕೇಸ್ ಇಟ್ಟು, ಊರಿನವರ ಒರಟುತನದ ಬಗ್ಗೆ ಮಾತಾಡುತ್ತ ನಿಲ್ಲುತ್ತಾರೆಯೇ? ಮೌಲ್ಯಮಾಪಕರ ಹುದ್ದೆಗಳು ಖಾಲಿ ಇವೆ. ಸಂಬಳವಿಲ್ಲ. ಆ ಸೂಟ್‌ಕೇಸ್ ದಾಟಿಕೊಂಡು ಸಂದರ್ಶನಕ್ಕೆ ಹೊತ್ತಿಗೆ ಸರಿಯಾಗಿ ಬರಬಲ್ಲವರು ಅರ್ಜಿ ಹಾಕಬಹುದು.