ಡಾಕ್ಯುಮೆಂಟೇಶನ್ ಹೊಸಬರ ತಲೆಗೆ ಕಟ್ಟುವ ಕೆಲಸವಲ್ಲ

ಓಪನ್ ಸೋರ್ಸ್‌ಗೆ (ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್ ಕೆಲಸಕ್ಕೆ) ಬರುವ ಹುಡುಗರು ಮೊದಲು ಡಾಕ್ಯುಮೆಂಟೇಶನ್ (ಬಳಕೆಯ ಕೈಪಿಡಿ) ಬರೆಯಲಿ, ಕೋಡ್ ಆಮೇಲೆ ಎಂದಿದ್ದಾರೆ ನಿಮ್ಮಲ್ಲಿ ಬಂದ ಓಪನ್ ಸೋರ್ಸ್ ಲೇಖನದ ಲೇಖಕರು. ಲೇಖನದಲ್ಲಿ ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಒಪ್ಪಿದೆ. ಕಾಗುಣಿತ ತಿದ್ದೋಕೆ ಹೊಸಬರು ಸಾಕು, ಬರೆಯೋಕೆ ಸಾಲದು.

ಎಚ್‌ಎಪ್ರಾಕ್ಸಿ ಎಂಬ ಓಪನ್ ಸೋರ್ಸ್ ಲೋಡ್ ಬ್ಯಾಲೆನ್ಸರನ್ನೇ (ಬರುವ ಬೇಡಿಕೆಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಸಾಫ್ಟ್‌ವೇರ್) ತಗೊಳ್ಳಿ. ವಿಲ್ಲಿ ತಾರೋ 2001ರಲ್ಲಿ ಹೊರತಂದದ್ದು. ಅದರ ಕೈಪಿಡಿ ಸೋರ್ಸ್ ಕೋಡ್ ಜೊತೆಗೇ ಬರುವ ಸಾದಾ ಟೆಕ್ಸ್ಟ್ ಫೈಲು, ಅಲಂಕಾರ ಏನೂ ಇಲ್ಲ. ಆದರೆ ಅದರಲ್ಲಿ 'ಲೀಸ್ಟ್‌ಕನ್' ಎಂಬ ಹಂಚಿಕೆ ವಿಧಾನದ ಬಗ್ಗೆ ಓದಿ ನೋಡಿ. ಕನೆಕ್ಷನ್ ಕಡಿಮೆ ಇರುವ ಸರ್ವರಿಗೆ ಕಳಿಸುತ್ತೆ ಅಂತ ಹೇಳಿ ಸುಮ್ಮನಾಗಲ್ಲ. ಎಸ್‌ಕ್ಯೂಎಲ್ (ಡೇಟಾಬೇಸ್), ಎಲ್‌ಡಿಎಪಿ (ಬಳಕೆದಾರರ ಡೈರೆಕ್ಟರಿ) ಥರದ ದೀರ್ಘ ಸೆಷನ್‌ಗೆ ಬಳಸಿ, ವೆಬ್ ಪುಟ ತರುವ ಎಚ್‌ಟಿಟಿಪಿಯಂಥ ಚುಟುಕು ಸೆಷನ್‌ಗೆ ಅಷ್ಟಾಗಿ ಹೊಂದಲ್ಲ ಅಂತಲೂ ಹೇಳುತ್ತೆ. ಸರದಿಯಂತೆ ಹಂಚುವ ರೌಂಡ್‌ರಾಬಿನ್‌ನಲ್ಲಿ ಒಂದು ಬ್ಯಾಕೆಂಡಿಗೆ (ಸರ್ವರ್‌ಗಳ ಗುಂಪಿಗೆ) 4095 ಸರ್ವರ್ ಮಿತಿ ಅನ್ನೋದೂ ಅಲ್ಲೇ ಇದೆ. ಒಳಗಿನ ಕೋಡ್ ಗೊತ್ತಿಲ್ಲದವರು ಇದನ್ನು ಹೇಗೆ ಬರೆದಾರು?

ಎಚ್‌ಎಪ್ರಾಕ್ಸಿ ನಿರ್ವಹಣೆಯೂ ಅಷ್ಟೇ, ಒಳಗು ಬಲ್ಲವರದ್ದೇ ಕೆಲಸ. ಬಗ್ ತಿದ್ದುಪಡಿ ಮೊದಲು ಡೆವಲಪ್‌ಮೆಂಟ್ ಶಾಖೆಗೆ (ಮುಂದಿನ ಆವೃತ್ತಿ ತಯಾರಾಗುವ ಕೋಡ್ ಪ್ರತಿಗೆ), ಆಮೇಲೆ ಒಂದೊಂದಾಗಿ ಹಳೇ ಆವೃತ್ತಿಗಳಿಗೆ. 2.8, 3.0ರಂಥ ಸಮಸಂಖ್ಯೆ ಆವೃತ್ತಿಗಳಿಗೆ 5 ವರ್ಷ ಈ ಚಾಕರಿ.

ಮೈಸೂರು, ಮಂಡ್ಯದ ಇಂಜಿನಿಯರಿಂಗ್ ಕಾಲೇಜು ಮಕ್ಕಳಿಗೆ ಕೆಲಸ ಕೊಡಬೇಕು ಅಂದ್ರೆ ಹೀಗೆ ಕೊಡಿ: ಕೈಪಿಡಿ ಮಾತ್ರ ನೋಡಿಕೊಂಡು ಎರಡು ಸರ್ವರ್ ಇಟ್ಟು ಸೆಟಪ್ ಮಾಡಿ, ಎಲ್ಲಿ ಸಿಕ್ಕಿಹಾಕಿಕೊಂಡ್ರೋ ಆ ಸಾಲನ್ನು ತೋರಿಸಿ ಇಶ್ಯೂ (ತೊಂದರೆಯ ವರದಿ) ಹಾಕಿ. ತಿದ್ದೋದು ಬಲ್ಲವರು ತಿದ್ದಲಿ.

– ಓದುಗ, ಕುವೆಂಪುನಗರ, ಮೈಸೂರು