ಸೆಂಟಿನೆಲ್ ದ್ವೀಪಕ್ಕೆ ಹೋಗಲು ಅನುಮತಿ ಇರಲಿಲ್ಲ

"2018ರಲ್ಲಿ ಸರ್ಕಾರವೇ ಪರ್ಮಿಟ್ ನಿಯಮ ತೆಗೆದಿತ್ತು, ಹಾಗಾಗಿ ಅಮೆರಿಕದ ಧರ್ಮಪ್ರಚಾರಕ ಜಾನ್ ಅಲೆನ್ ಚೌ ಅಂಡಮಾನ್‌ನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋಗಿದ್ದು ತಪ್ಪಲ್ಲ" ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಸತ್ಯ. ಆಗ 29 ದ್ವೀಪಗಳಿಗೆ ಸಡಿಲಿಸಿದ್ದು ವಿದೇಶಿಯರ ಪರ್ಮಿಟ್ ನಿಯಮ ಮಾತ್ರ. ಹೊರಗಿನವರು ಅಲ್ಲಿಗೆ ಹೋಗುವುದನ್ನು ನಿಷೇಧಿಸಿ, ಅಲ್ಲಿನ ಬುಡಕಟ್ಟು ಜನರನ್ನು ಕಾಯುವ 1956ರ ಕಾನೂನು ಹಾಗೇ ಇತ್ತು.

ಈ ನಿಷೇಧ ಯಾವ ಧರ್ಮದ ಮೇಲೂ ಅಲ್ಲ. ಪ್ರವಾಸಿಗಳಿಗೂ ಅದೇ. ಚೌ ಅವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಬಾಣ ಬಿಟ್ಟು ಬೇಡ ಅಂದ ದ್ವೀಪದ ಜನರ ಬಳಿ ಮತ್ತೆ ಹೋಗುವುದು ಸರಿಯಲ್ಲ, ಅಲ್ವಾ? ನಮಗೆ ಬರೀ ನೆಗಡಿ ಅನ್ನಿಸುವುದು ಅವರಿಗೆ ಸಾವು ತರಬಹುದು. 1880ರಲ್ಲಿ ಬ್ರಿಟಿಷ್ ಅಧಿಕಾರಿ ಪೋರ್ಟ್‌ಮನ್ ಅಲ್ಲಿಂದ ಆರು ಜನರನ್ನು ಪೋರ್ಟ್ ಬ್ಲೇರ್‌ಗೆ ಹಿಡಿದು ತಂದ. ಎಲ್ಲರೂ ಕಾಯಿಲೆ ಬಿದ್ದರು. ಇಬ್ಬರು ಹಿರಿಯರು ಸತ್ತರು. ನಾಲ್ಕು ಮಕ್ಕಳನ್ನು ವಾಪಸ್ ಬಿಟ್ಟರು.